ಜೇನುನುಸಿ: ಉಪಚಾರದ ಕಾಲನಿರ್ಣಯ

ಸಾಕಿದ ಜೇನು ಕುಟುಂಬದಲ್ಲಿ ಪರಾವಲಂಬಿ ನುಸಿಗಳು ಎಷ್ಟಾದಾಗ, ವರ್ಷದ ಯಾವ ಹೊತ್ತಿನಲ್ಲಿ, ಯಾವ ಬಗೆಯಿಂದ ಅವನ್ನು ತಗ್ಗಿಸಬೇಕು ಎಂಬುದನ್ನು ತೀರ್ಮಾನಿಸುವ ಕ್ರಮ. ಜೇನು ಸಾಕಣೆಯ ಕೈಪಿಡಿಗಳಲ್ಲಿ ಇದು ಔಷಧಗಳ ಪಟ್ಟಿಯ ಬಾಲದಲ್ಲಿ ಬರುವ ಎರಡು ಸಾಲು. ಆದರೆ ಒಳ್ಳೆಯ ಔಷಧವನ್ನು ತಪ್ಪು ಹೊತ್ತಿನಲ್ಲಿ ಹಾಕಿದರೆ ನುಸಿ ಉಳಿದು ರಾಣಿ ಸಾಯುವುದುಂಟು. ಸಾಧಾರಣ ಉಪಾಯವೂ ಸರಿಯಾದ ವಾರದಲ್ಲಿ ಮಾಡಿದರೆ ಪೆಟ್ಟಿಗೆ ಉಳಿಯುತ್ತದೆ.

ಈ ವಿಷಯದ ಮೇಲೆ ಪ್ರಪಂಚದಲ್ಲಿ ಚಾಲ್ತಿಯಲ್ಲಿರುವ ನಿಯಮಗಳೆಲ್ಲ ಬಹುಪಾಲು ಹಿಮ ಬೀಳುವ ದೇಶಗಳವು. ಅಲ್ಲಿ ಆಗಸ್ಟ್ ತಿಂಗಳಲ್ಲಿ ಎಣಿಸು, ಚಳಿಗಾಲದ ನೊಣಗಳು ಹುಟ್ಟುವ ಮೊದಲು ಮದ್ದು ಹಾಕು, ಡಿಸೆಂಬರಿನಲ್ಲಿ ಮರಿಯಿಲ್ಲದಾಗ ಇನ್ನೊಮ್ಮೆ ಹಾಕು ಎಂಬ ಪಂಚಾಂಗವಿದೆ. ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಹೋಬಳಿ, ಅದರ ಸುತ್ತಲಿನ ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಸೀಮೆಗೆ ಆ ಪಂಚಾಂಗ ಹೊಂದುವುದಿಲ್ಲ. ಇಲ್ಲಿ ಡಿಸೆಂಬರಿನಲ್ಲೂ ರಾಣಿ ಮೊಟ್ಟೆ ಇಡುತ್ತಿರುತ್ತದೆ. ಕುಟುಂಬ ಸೊರಗುವುದು ಚಳಿಗಲ್ಲ, ಬಿಸಿಲಿಗೆ ಮತ್ತು ಹೂವಿಲ್ಲದ ದಿನಗಳಿಗೆ. ಹಾಗಾಗಿ ಇಲ್ಲಿನ ಸಾಕಣೆಗಾರ ತಾರೀಖನ್ನು ಬಿಟ್ಟು ಮೂರು ಸಂಗತಿಗಳನ್ನು ನೋಡಬೇಕಾಗುತ್ತದೆ: ನುಸಿಯ ಎಣಿಕೆ, ಎರಿಯಲ್ಲಿರುವ ಮರಿ, ಹೊಲದಲ್ಲಿರುವ ಹೂವು.

ಯಾವ ಜೇನು, ಯಾವ ನುಸಿ

ಉಪಚಾರದ ಪ್ರಶ್ನೆಗಿಂತ ಮೊದಲು ಕೇಳಬೇಕಾದದ್ದು ಪೆಟ್ಟಿಗೆಯಲ್ಲಿರುವುದು ಯಾವ ಜೇನು ಎಂಬುದು. ಈ ಸೀಮೆಯ ಬಯಲಿನಲ್ಲಿ ಹೆಜ್ಜೇನು, ಕೋಲುಜೇನು, ತುಡುವೆ ಮೂರೂ ಇವೆ. ಪೆಟ್ಟಿಗೆಯಲ್ಲಿ ಸಾಕುವುದು ತುಡುವೆಯನ್ನು, ಇಲ್ಲವೆ ಹೊರಗಿನಿಂದ ಬಂದ ಮೆಲ್ಲಿಫೆರಾ ಜೇನನ್ನು. ಒಂದೊಂದು ಜಾತಿಗೂ ಅದರದೇ ನುಸಿ ಗಂಟುಬಿದ್ದಿದೆ. ಕೋಲುಜೇನಿನ ಮೇಲಿರುವುದು ಯೂವರೋವಾ ಎಂಬ ನುಸಿ. ಅದರಿಂದ ಸಾಕಣೆಗಾರನಿಗೆ ತೊಂದರೆಯಿಲ್ಲ. ತುಡುವೆಯ ಮೂಲ ನುಸಿ ವರೋವಾ. ಹೆಜ್ಜೇನಿನ ಮೂಲ ನುಸಿ ಟ್ರೋಪಿಲೆಲಾಪ್ಸ್. ಈ ಕೊನೆಯ ಎರಡೂ ಮೆಲ್ಲಿಫೆರಾ ಮೇಲೆ ಹಾರಿದ್ದರಿಂದಲೇ ಈ ಲೇಖನದ ವಿಷಯ ಹುಟ್ಟಿಕೊಂಡಿತು.

ವರೋವಾ ಕುಲವನ್ನು ಮೊದಲು ಗುರುತಿಸಿದ್ದು 1904ರಲ್ಲಿ, ಜಾವಾ ದ್ವೀಪದ ತುಡುವೆಯ ಮೇಲೆ. ಡಚ್ ವಿಜ್ಞಾನಿ ಔಡೆಮನ್ಸ್ ಅದನ್ನು ವಿವರಿಸಿದರು. ಜೇನಿನ ಬಗ್ಗೆ ಬರೆದಿದ್ದ ಪ್ರಾಚೀನ ರೋಮಿನ ಪಂಡಿತ ವಾರೋನ ಹೆಸರನ್ನು ಅದಕ್ಕೆ ಇಟ್ಟರು. ತುಡುವೆಯ ಗೂಡಿನಲ್ಲಿ ಇದು ಗಂಡುಮರಿಗಳ ಕಣದಲ್ಲಷ್ಟೆ ಸಂತಾನ ಬೆಳೆಸುತ್ತದೆ. ತುಡುವೆ ನೊಣಗಳು ಒಂದರ ಮೈಯನ್ನೊಂದು ಕೆದಕಿ ನುಸಿ ಕಿತ್ತೊಗೆಯುತ್ತವೆ. ನುಸಿ ತುಂಬಿ ಗಂಡುಮರಿ ಸತ್ತರೆ ಗಟ್ಟಿಯಾದ ಆ ಮುಚ್ಚಳವನ್ನು ತೆಗೆಯುವ ಗೋಜಿಗೇ ಹೋಗುವುದಿಲ್ಲ. ಮರಿಯ ಜೊತೆ ನುಸಿಯೂ ಅಲ್ಲೇ ಸಮಾಧಿ. ಸಾವಿರಾರು ವರ್ಷ ಒಟ್ಟಿಗೆ ಬಾಳಿದ ಈ ಜೋಡಿಯಲ್ಲಿ ಯಾರೂ ಯಾರನ್ನೂ ಮುಗಿಸುವುದಿಲ್ಲ.

ಇಪ್ಪತ್ತನೆಯ ಶತಮಾನದ ನಡುವೆ ಪೂರ್ವ ಏಷ್ಯಾಕ್ಕೆ ಮೆಲ್ಲಿಫೆರಾ ಪೆಟ್ಟಿಗೆಗಳು ಹೋದಾಗ ಅಲ್ಲಿನ ತುಡುವೆಯಿಂದ ನುಸಿ ಅದಕ್ಕೆ ದಾಟಿತು. ಮೆಲ್ಲಿಫೆರಾದಲ್ಲಿ ಕೆಲಸಗಾರ ಮರಿಯ ಕಣದಲ್ಲೂ ಅದು ಬೆಳೆಯಬಲ್ಲದಾಯಿತು, ಅಲ್ಲಿಗೆ ಲೆಕ್ಕ ತಪ್ಪಿತು. ಅಮೆರಿಕಕ್ಕೆ 1987ರಲ್ಲಿ, ಬ್ರಿಟನ್ನಿಗೆ 1992ರಲ್ಲಿ, ನ್ಯೂಜಿಲೆಂಡಿಗೆ 2000ದಲ್ಲಿ ಅದು ಮುಟ್ಟಿತು. ಆಸ್ಟ್ರೇಲಿಯಾದ ನ್ಯೂಕಾಸಲ್ ಬಂದರಿನಲ್ಲಿ 2022ರ ಜೂನ್‌ನಲ್ಲಿ ಸಿಕ್ಕಿದಾಗ ಆ ದೇಶ ಸಾವಿರಾರು ಪೆಟ್ಟಿಗೆ ನಾಶಪಡಿಸಿ ತಡೆಯಲು ನೋಡಿ, 2023ರ ಸೆಪ್ಟೆಂಬರಿನಲ್ಲಿ ಕೈಚೆಲ್ಲಿತು. ಪ್ರಪಂಚ ಸುತ್ತಿದ ಈ ನುಸಿ ಜಾವಾದಲ್ಲಿ ಕಂಡದ್ದಲ್ಲ, ಅದೇ ಕುಲದ ಇನ್ನೊಂದು ಜಾತಿ ಎಂದು 2000ದಲ್ಲಿ ಆಂಡರ್ಸನ್ ಮತ್ತು ಟ್ರೂಮನ್ ತೋರಿಸಿ ಅದಕ್ಕೆ ವರೋವಾ ಡಿಸ್ಟ್ರಕ್ಟರ್ ಎಂಬ ಹೆಸರು ಕೊಟ್ಟರು.

ಕರ್ನಾಟಕದಲ್ಲಿ ಮೆಲ್ಲಿಫೆರಾ ನೆಲೆಯೂರಿದ್ದಕ್ಕೆ ಬೇರೊಂದು ರೋಗವೇ ಕಾರಣ. ದೇಶದಲ್ಲಿ ಆ ಜೇನನ್ನು ಯಶಸ್ವಿಯಾಗಿ ನೆಲೆಗೊಳಿಸಿದ್ದು 1960ರ ದಶಕದ ಮೊದಲಲ್ಲಿ, ಈಗಿನ ಹಿಮಾಚಲದ ನಗ್ರೋಟಾದಲ್ಲಿ. ದಕ್ಷಿಣದವರು ಅದರ ಹಂಗಿಲ್ಲದೆ ತುಡುವೆಯನ್ನೇ ನ್ಯೂಟನ್ ಎಂಬ ಬಗೆಯ ಪೆಟ್ಟಿಗೆಯಲ್ಲಿ ಸಾಕಿಕೊಂಡಿದ್ದರು. 1991-92ರಲ್ಲಿ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ಕೇರಳ, ತಮಿಳುನಾಡು, ಕರ್ನಾಟಕಗಳ ತುಡುವೆಯನ್ನು ಬಡಿದು ಪೆಟ್ಟಿಗೆಗಳಲ್ಲಿ ಬಹುಪಾಲನ್ನು ಖಾಲಿ ಮಾಡಿತು. ಕೊಡಗಿನಂಥ ಜೇನಿನ ನಾಡೂ ಬರಿದಾಯಿತು. ಆ ಜಾಗಕ್ಕೆ ಬಂದದ್ದು ಮೆಲ್ಲಿಫೆರಾ. ಬಯಲುಸೀಮೆಯ ಸೂರ್ಯಕಾಂತಿ ಹೊಲಗಳು ಅದಕ್ಕೆ ಒಗ್ಗಿದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1980ರಲ್ಲಿ ಬಿಡುಗಡೆ ಮಾಡಿದ ಬಿಎಸ್‌ಹೆಚ್-1 ದೇಶದ ಮೊದಲ ಸೂರ್ಯಕಾಂತಿ ಸಂಕರಣ ತಳಿ. ಸೂರ್ಯಕಾಂತಿಯ ಕಾಳು ಕಟ್ಟಲು ಜೇನು ಬೇಕು, ಜೇನಿಗೆ ಸೂರ್ಯಕಾಂತಿ ಬೇಕು ಎಂಬ ಕೊಡುಕೊಳ್ಳುವಿಕೆ ಹೀಗೆ ಬೆಳೆಯಿತು.

ಇದರಿಂದ ಹೊರಡುವ ಮೊದಲ ತೀರ್ಮಾನ ಸರಳವಾದದ್ದು. ಪೆಟ್ಟಿಗೆಯಲ್ಲಿರುವುದು ತುಡುವೆಯಾದರೆ ನುಸಿಗೆಂದು ಮದ್ದು ಹಾಕುವ ಅಗತ್ಯ ಬಹುಮಟ್ಟಿಗೆ ಬರುವುದಿಲ್ಲ. ಅಡಿಮಣೆಯ ಮೇಲೆ ನಾಲ್ಕು ವರೋವಾ ಕಂಡಿತೆಂದು ಫಾರ್ಮಿಕ್ ಆಮ್ಲ ಇಟ್ಟರೆ ನುಸಿಗಿಂತ ಮೊದಲು ತುಡುವೆಯೇ ಪರಾರಿಯಾಗುತ್ತದೆ. ಕಿರಿಕಿರಿಯಾದರೆ ಗೂಡು ಬಿಟ್ಟು ಹೋಗುವುದು ಅದರ ಹುಟ್ಟುಗುಣ. ತುಡುವೆಯ ಪೆಟ್ಟಿಗೆಯಲ್ಲಿ ಕಣ್ಣಿಡಬೇಕಾದದ್ದು ಚೀಲದಂತಾಗಿ ಸತ್ತ ಮರಿಗಳ ಮೇಲೆ, ಮೇಣದ ಹುಳುವಿನ ಮೇಲೆ, ಕೆಂಪಿರುವೆಯ ಮೇಲೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಕಡೆಯವರಾದರೆ ಕರಡಿಯ ಮೇಲೂ. ಅಲ್ಲಿನ ಕರಡಿಧಾಮದ ಅಂಚಿನ ಊರುಗಳಲ್ಲಿ ಪೆಟ್ಟಿಗೆಗೆ ನುಸಿ ಹತ್ತುವ ಮೊದಲೇ ಕರಡಿ ಬಂದು ಹೋಗಿರಬಹುದು. ಮುಂದೆ ಹೇಳುವುದೆಲ್ಲ ಮೆಲ್ಲಿಫೆರಾ ಪೆಟ್ಟಿಗೆಗೆ ಸಂಬಂಧಿಸಿದ್ದು.

ಮುಚ್ಚಿದ ಕಣದೊಳಗಿನ ಲೆಕ್ಕ

ವಯಸ್ಕ ವರೋವಾ ಹೆಣ್ಣು ಕೆಂಗಂದು ಬಣ್ಣದ, ಏಡಿಯಂತೆ ಅಡ್ಡಗಲವಿರುವ ಜೀವಿ. ಅಗಲ ಸುಮಾರು 1.6 ಮಿ.ಮೀ., ಉದ್ದ 1.1 ಮಿ.ಮೀ. ಬರಿಗಣ್ಣಿಗೆ ಕಾಣುತ್ತದೆ. ಮರಿಯ ಕಣವನ್ನು ನೊಣಗಳು ಮೇಣದಿಂದ ಮುಚ್ಚುವ ಕೆಲವು ಗಂಟೆ ಮೊದಲು ಅದು ಒಳಗೆ ಜಾರಿಕೊಳ್ಳುತ್ತದೆ. ಮುಚ್ಚಿದ ಮೇಲೆ ಎರಡೂವರೆ ದಿನಕ್ಕೆ ಮೊದಲ ಮೊಟ್ಟೆ ಇಡುತ್ತದೆ. ಅದರಿಂದ ಹುಟ್ಟುವುದು ಗಂಡು. ಆಮೇಲೆ ಸುಮಾರು 30 ಗಂಟೆಗೊಂದರಂತೆ ಹೆಣ್ಣು ಮೊಟ್ಟೆಗಳು. ಅಣ್ಣ ತಂಗಿಯರು ಕಣದೊಳಗೇ ಕೂಡುತ್ತವೆ. ಕೆಲಸಗಾರ ನೊಣದ ಕಣ ಮುಚ್ಚಿರುವುದು 12 ದಿನ. ಅಷ್ಟರಲ್ಲಿ ಬಲಿತು ಹೊರಬರುವ ಹೊಸ ಹೆಣ್ಣುನುಸಿ ಸರಾಸರಿ ಒಂದು ಒಂದೂವರೆ. ಗಂಡುನೊಣದ ಕಣ ಎರಡು ಮೂರು ದಿನ ಹೆಚ್ಚು ಮುಚ್ಚಿರುವುದರಿಂದ ಅಲ್ಲಿ ಎರಡಕ್ಕಿಂತ ಹೆಚ್ಚು. ನುಸಿಗೆ ಗಂಡುಮರಿಯ ಮೇಲೆ ಅಷ್ಟೊಂದು ಒಲವು ಇರುವುದಕ್ಕೆ ಇದೇ ಕಾರಣ.

ನುಸಿ ನೊಣದ ರಕ್ತ ಹೀರುತ್ತದೆ ಎಂದು ಬಹಳ ಕಾಲ ಬರೆಯಲಾಗುತ್ತಿತ್ತು. ಅದು ಮುಖ್ಯವಾಗಿ ತಿನ್ನುವುದು ವಯಸ್ಕ ನೊಣದ ಕೊಬ್ಬಿನ ಅಂಗಾಂಶವನ್ನು ಎಂದು 2019ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ರೋಗನಿರೋಧಕ ಶಕ್ತಿ, ಆಹಾರ ಸಂಗ್ರಹ, ವಿಷ ಅರಗಿಸಿಕೊಳ್ಳುವುದು ಎಲ್ಲವೂ ಆ ಅಂಗಾಂಶದ ಕೆಲಸವಾದ್ದರಿಂದ, ಹೊಲದಲ್ಲಿ ಕೀಟನಾಶಕಕ್ಕೆ ಒಡ್ಡಿಕೊಂಡ ನೊಣ ನುಸಿ ಹತ್ತಿದ ಕುಟುಂಬದಲ್ಲಿ ಇನ್ನೂ ಬೇಗ ಸಾಯುತ್ತದೆ. ನುಸಿಗಿಂತ ಹೆಚ್ಚು ಕೆಡುಕು ಮಾಡುವುದು ಅದು ಚುಚ್ಚಿ ಹರಡುವ ವೈರಸ್. ರೆಕ್ಕೆ ಮುರುಟಿದ ನೊಣಗಳು ಬಾಗಿಲ ಮುಂದೆ ತೆವಳತೊಡಗುತ್ತವೆ. ಹೆಚ್ಚಿನವರು ಮದ್ದು ಹುಡುಕಲು ಹೊರಡುವುದು ಆ ದೃಶ್ಯ ಕಂಡ ಮೇಲೆ. ಅಷ್ಟು ಹೊತ್ತಿಗೆ ತಡವಾಗಿರುತ್ತದೆ: ಈಗ ನುಸಿಯನ್ನು ಪೂರ್ತಿ ತೆಗೆದರೂ ವೈರಸ್ ಹೊಕ್ಕ ಮರಿಗಳು ಇನ್ನೂ ಎರಡು ಮೂರು ವಾರ ಕುಂಟು ನೊಣಗಳಾಗಿಯೇ ಹುಟ್ಟುತ್ತವೆ. ಲಕ್ಷಣ ಕಂಡ ಮೇಲೆ ಉಪಚಾರ ಎಂಬ ಮನುಷ್ಯರ ವೈದ್ಯಕೀಯದ ರೂಢಿ ಇಲ್ಲಿ ನಡೆಯದು.

ಎಣಿಕೆ

ಕೀಟ ಕಂಡ ತಕ್ಷಣ ಸಿಂಪಡಿಸಬೇಡ, ಆಗುವ ನಷ್ಟ ಸಿಂಪಡಣೆಯ ಖರ್ಚನ್ನು ಮೀರುವ ಹಂತಕ್ಕೆ ಬರುವ ಮುನ್ನ ಸಿಂಪಡಿಸು ಎಂಬ ಆರ್ಥಿಕ ಮಿತಿಯ ವಿಚಾರವನ್ನು 1959ರಲ್ಲಿ ಕ್ಯಾಲಿಫೋರ್ನಿಯಾದ ಸ್ಟರ್ನ್ ಮತ್ತು ಸಂಗಡಿಗರು ಮುಂದಿಟ್ಟರು. ತೊಗರಿ ಹೊಲದಲ್ಲಿ ಮೋಹಕ ಬಲೆ ಕಟ್ಟಿ ಕಾಯಿಕೊರಕದ ಪತಂಗ ಎಣಿಸುವ ರೈತನಿಗೆ ಇದು ಹೊಸದಲ್ಲ. ಜೇನಿನಲ್ಲಿ ಅದೇ ವಿಚಾರ ನೂರು ನೊಣಕ್ಕೆ ಎಷ್ಟು ನುಸಿ ಎಂಬ ರೂಪ ತಾಳಿದೆ.

ಮರಿಯಿರುವ ಎರಿಯೊಂದನ್ನು ಎತ್ತಿ, ರಾಣಿ ಅದರ ಮೇಲಿಲ್ಲವೆಂದು ಎರಡು ಸಲ ಖಾತ್ರಿ ಮಾಡಿಕೊಂಡು, ಅರ್ಧ ಕಪ್ ನೊಣಗಳನ್ನು ಅಗಲ ಬಾಯಿಯ ಡಬ್ಬಿಗೆ ಕೊಡವಬೇಕು. ಅಷ್ಟರಲ್ಲಿ ಸುಮಾರು 300 ನೊಣ ಇರುತ್ತವೆ. ಮುಚ್ಚಳದ ಬದಲು ನುಸಿ ದಾಟುವ, ನೊಣ ದಾಟದ ಜಾಲರಿ. ಎರಡು ಚಮಚ ಪುಡಿಸಕ್ಕರೆ ಹಾಕಿ ಡಬ್ಬಿ ಉರುಳಿಸಿ, ಒಂದೆರಡು ನಿಮಿಷ ನೆರಳಲ್ಲಿಟ್ಟು, ನೀರು ಹಾಕಿದ ಬಿಳಿ ತಟ್ಟೆಯ ಮೇಲೆ ಜೋರಾಗಿ ಜಾಡಿಸಿದರೆ ಸಕ್ಕರೆ ಕರಗಿ ನುಸಿ ಉಳಿಯುತ್ತವೆ. ನೊಣಗಳನ್ನು ಪೆಟ್ಟಿಗೆಗೇ ಮರಳಿಸಬಹುದು. ಸಕ್ಕರೆಯ ಬದಲು ಮದ್ಯಸಾರ ಅಥವಾ ಸೋಪಿನ ನೀರಿನಲ್ಲಿ ತೊಳೆದರೆ ಲೆಕ್ಕ ಹೆಚ್ಚು ನಿಖರ. ಆದರೆ ಆ 300 ನೊಣ ಸಾಯುತ್ತವೆ. ಹೊಸಬರು ಇದಕ್ಕೆ ಮರುಗುವುದುಂಟು. ಒಳ್ಳೆಯ ರಾಣಿ ಅಷ್ಟು ಮೊಟ್ಟೆಯನ್ನು ಅರ್ಧ ದಿನದೊಳಗೆ ಇಟ್ಟು ಮುಗಿಸುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ ಮಳೆಗಾಲದಲ್ಲಿ ಸಕ್ಕರೆ ಮುದ್ದೆಗಟ್ಟಿ ನುಸಿ ಉದುರದೆ ಎಣಿಕೆ ಕಡಿಮೆ ತೋರಿಸುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

300 ನೊಣಕ್ಕೆ 9 ನುಸಿ ಬಂದರೆ ಅದು ನೂರಕ್ಕೆ ಮೂರು. ಉತ್ತರ ಅಮೆರಿಕದ ಮಾರ್ಗದರ್ಶಿಗಳು ಕುಟುಂಬ ಬೆಳೆಯುವ ಕಾಲದಲ್ಲಿ ನೂರಕ್ಕೆ ಎರಡನ್ನೂ ತುಂಬಿದ ಕಾಲದಲ್ಲಿ ಮೂರನ್ನೂ ಮಿತಿಯಾಗಿ ಹೇಳುತ್ತವೆ. ಚಿಕ್ಕದಾಗಿ ಕಾಣುವ ಈ ಅಂಕಿಯ ಹಿಂದೆ ದೊಡ್ಡ ಸಂಖ್ಯೆಯೇ ಇದೆ. 20,000 ನೊಣಗಳ ಕುಟುಂಬದಲ್ಲಿ ನೂರಕ್ಕೆ ಮೂರು ಎಂದರೆ ನೊಣಗಳ ಮೈಮೇಲೆ 600 ನುಸಿ. ಮರಿ ತುಂಬಿರುವಾಗ ಒಟ್ಟು ನುಸಿಯಲ್ಲಿ ಮೂರರಲ್ಲಿ ಎರಡು ಪಾಲು ಮುಚ್ಚಿದ ಕಣಗಳಲ್ಲಿ ಅಡಗಿರುತ್ತವೆ. ಹಾಗೆಂದರೆ ಇನ್ನೂ 1,200. ಮರಿ ಸತತವಾಗಿದ್ದರೆ ನುಸಿ ತಿಂಗಳಿಗೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. 1,800 ಇದ್ದದ್ದು ಎರಡು ತಿಂಗಳಿಗೆ 7,000 ದಾಟುತ್ತದೆ. ಅದೇ ಹೊತ್ತಿಗೆ ಬಿಸಿಲು ಬಂದು ನೊಣ ಅರ್ಧಕ್ಕಿಳಿದರೆ ಎರಡು ನೊಣದ ಪಾಲಿನ ನುಸಿ ಒಂದರ ಮೇಲೆ ಬೀಳುತ್ತದೆ.

ಹೀಗಿರುವುದರಿಂದ ಒಂದು ಎಣಿಕೆಗಿಂತ ಎರಡು ಎಣಿಕೆ ಮೇಲು. ತಿಂಗಳ ಹಿಂದೆ ನೂರಕ್ಕೆ ಒಂದಿದ್ದದ್ದು ಈಗ ಎರಡಾಗಿದ್ದರೆ, ಎರಡು ತಿಂಗಳಿಂದ ಎರಡರಲ್ಲೇ ನಿಂತ ಪೆಟ್ಟಿಗೆಗಿಂತ ಅದಕ್ಕೆ ಮೊದಲು ಕೈಹಾಕಬೇಕು. ಎಲ್ಲ ಪೆಟ್ಟಿಗೆಗಳ ಸರಾಸರಿಯೂ ದಾರಿ ತಪ್ಪಿಸುತ್ತದೆ: ಹತ್ತರಲ್ಲಿ ಒಂಬತ್ತು ಚೊಕ್ಕವಾಗಿದ್ದು ಒಂದರಲ್ಲಿ ನೂರಕ್ಕೆ ಹತ್ತು ಇದ್ದರೆ, ಆ ಒಂದು ಕುಸಿಯುವಾಗ ಅದರ ಜೇನನ್ನು ದೋಚಲು ಹೋದ ಒಂಬತ್ತೂ ನುಸಿ ಹೊತ್ತು ಮನೆಗೆ ಮರಳುತ್ತವೆ.

ಹೆಜ್ಜೇನಿನ ನುಸಿ

ನೂರಕ್ಕೆ ಮೂರು ಎಂಬ ನಿಯಮ ಟ್ರೋಪಿಲೆಲಾಪ್ಸ್ ವಿಷಯದಲ್ಲಿ ಪೂರ್ತಿ ಸೋಲುತ್ತದೆ. ದಕ್ಷಿಣ ಭಾರತದ ಸಾಕಣೆಗಾರ ಪರದೇಶದ ಕೈಪಿಡಿ ಓದಿ ಮೋಸ ಹೋಗುವುದು ಬಹುಶಃ ಇಲ್ಲೇ ಹೆಚ್ಚು. ಈ ನುಸಿ ವರೋವಾಗಿಂತ ಸಣ್ಣದು, ಒಂದು ಮಿ.ಮೀ. ಉದ್ದ, ಕಿರಿದಾದ ಮೈ; ಎರಿಯ ಮೇಲೆ ಸರಸರ ಓಡುತ್ತದೆ. 1961ರಲ್ಲಿ ಫಿಲಿಪೀನ್ಸಿನಿಂದ ಮೊದಲು ವರ್ಣಿಸಲಾಯಿತು. ಮೆಲ್ಲಿಫೆರಾ ಬಂದ ದಶಕದಲ್ಲೇ ಭಾರತದಲ್ಲಿ ಅದರ ಮೇಲೆ ಕಂಡುಬಂತು. ಇಲ್ಲಿರುವ ಜಾತಿಯನ್ನು ಮರ್ಸಿಡಿಸೆ ಎಂದು ಬೇರೆ ಮಾಡಿದ್ದು 2007ರಲ್ಲಿ. ವಯಸ್ಕ ನೊಣದ ಮೈ ಕಚ್ಚಿ ತಿನ್ನುವ ಬಾಯಿ ಇದಕ್ಕಿಲ್ಲ. ಮರಿಯ ಮೈಯಷ್ಟೇ ಆಹಾರ. ಆದ್ದರಿಂದ ನೊಣದ ಮೇಲೆ ಇರುವುದು ಒಂದೆರಡು ದಿನ, ಉಳಿದ ಬಾಳೆಲ್ಲ ಕಣದೊಳಗೆ. ಸಕ್ಕರೆ ಡಬ್ಬಿಯಲ್ಲಿ ಒಂದೂ ಸಿಗದ ಪೆಟ್ಟಿಗೆಯ ಮರಿಗಳಲ್ಲಿ ಇದು ತುಂಬಿ ತುಳುಕುತ್ತಿರಬಹುದು. ನುಸಿ ಬಲಿಯುವುದಕ್ಕೆ ಸುಮಾರು ಒಂದು ವಾರ ಸಾಕು, ಹೊರಬಂದ ಹೆಣ್ಣು ಕಾಯದೆ ಮತ್ತೊಂದು ಕಣ ಹೊಗುತ್ತದೆ. ಎರಡೂ ನುಸಿ ಇರುವ ಕುಟುಂಬದಲ್ಲಿ ವರೋವಾವನ್ನು ಹಿಂದಿಕ್ಕಿ ಇದೇ ಹೆಚ್ಚುತ್ತದೆ.

ಇದನ್ನು ಪತ್ತೆ ಹಚ್ಚಲು ಮರಿಯನ್ನೇ ನೋಡಬೇಕು. ಮುಚ್ಚಿದ ಕೆಲಸಗಾರ ಕಣಗಳಲ್ಲಿ ನೂರರಷ್ಟನ್ನು ಚಿಮುಟದಿಂದ ಬಿಚ್ಚಿ ನೋಡುವುದು ಖಚಿತವಾದ ದಾರಿ. ನೊಣಗಳನ್ನು ಕೊಡವಿದ ಎರಿಯ ಚೌಕಟ್ಟನ್ನು ಬಿಳಿ ತಟ್ಟೆಯ ಅಂಚಿಗೆ ಬಲವಾಗಿ ಬಡಿದು ಉದುರಿದ ಓಡುವ ನುಸಿಗಳನ್ನು ಎಣಿಸುವುದು ಬೇಗನೆ ಆಗುವ ದಾರಿ. ಕಣದ ಮುಚ್ಚಳಗಳಲ್ಲಿ ತೂತು, ಎರಿಯಲ್ಲಿ ಮರಿ ಚುಕ್ಕೆಚುಕ್ಕೆಯಾಗಿ ಹರಡಿರುವುದು, ಹೊಟ್ಟೆ ಗಿಡ್ಡವಾದ ಎಳೆ ನೊಣಗಳು ಬಾಗಿಲಲ್ಲಿ ತೆವಳುವುದು ಇದರ ಗುರುತು. ಇದಕ್ಕೆ ನೂರಕ್ಕಿಷ್ಟು ಎಂಬ ಒಪ್ಪಿತ ಮಿತಿ ಇಲ್ಲ. ಹೆಚ್ಚುವ ವೇಗ ನೋಡಿದರೆ, ಕಂಡಿತೆಂದರೆ ಉಪಚಾರದ ದಿನ ಬಂತೆಂದೇ ತಿಳಿಯುವುದು ವಿವೇಕ.

ಕೂಡ್ಲಿಗಿ ಸುತ್ತಿನ ದೊಡ್ಡ ಮರಗಳಲ್ಲಿ, ನೀರಿನ ಟ್ಯಾಂಕುಗಳ ಅಡಿಯಲ್ಲಿ, ಗುಡ್ಡದ ಬಂಡೆಗಳಲ್ಲಿ ಹೂವಿನ ಕಾಲಕ್ಕೆ ಹೆಜ್ಜೇನು ಬಂದು ಕಟ್ಟುತ್ತದೆ. ಈ ನುಸಿಯ ಮೂಲಭಂಡಾರ ಅದು. ಹೆಜ್ಜೇನು ತಾನು ಇದರಿಂದ ಉಳಿದುಕೊಂಡಿರುವ ಬಗೆಯೇ ಸಾಕಣೆಗಾರನಿಗೆ ಪಾಠ: ಹೂವು ಮುಗಿದರೆ ಎರಿ ಬಿಟ್ಟು ಬೇರೆ ಸೀಮೆಗೆ ಹೋಗುತ್ತದೆ. ದಾರಿಯಲ್ಲಿ ಮರಿಯಿಲ್ಲ. ಮರಿಯಿಲ್ಲದೆ ನುಸಿ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಹೊಸಹಳ್ಳಿ ಸೀಮೆಯ ವರ್ಷ

ಈ ಐದೂ ತಾಲ್ಲೂಕುಗಳು ಮಳೆನೆರಳಿನ ಬಯಲು. ವರ್ಷದ ಮಳೆ 500ರಿಂದ 600 ಮಿ.ಮೀ. ಆಸುಪಾಸು. ಶೇಂಗಾ, ಮೆಕ್ಕೆಜೋಳ, ಜೋಳ, ಸಜ್ಜೆ, ತೊಗರಿ, ಸೂರ್ಯಕಾಂತಿ, ಈರುಳ್ಳಿ, ಈಚಿನ ದಶಕಗಳಲ್ಲಿ ದಾಳಿಂಬೆ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿ ಹೆಸರು ದೊಡ್ಡದಾಗಿದ್ದರೂ ಜೇನಿಗೆ ಅದರಿಂದ ಹೆಚ್ಚೇನೂ ಇಲ್ಲ. ಜೇನಿಗೆ ಆಗಿಬರುವುದು ಯಾರೂ ಇಷ್ಟಪಡದ ಬಳ್ಳಾರಿ ಜಾಲಿ. ಕಟ್ಟೆ, ಹಳ್ಳ, ಬೀಳು ಎಲ್ಲೆಡೆ ನುಗ್ಗಿರುವ ಈ ಮುಳ್ಳುಗಿಡ ಬೇರೆ ಹೂವಿಲ್ಲದಾಗಲೂ ಅಷ್ಟಿಷ್ಟು ಮಕರಂದ ಕೊಡುತ್ತದೆ. ನುಸಿಯ ದೃಷ್ಟಿಯಿಂದ ಇದು ಎರಡಂಚಿನದು: ಕುಟುಂಬ ಹಸಿವಿನಿಂದ ಉಳಿಯುತ್ತದೆ, ರಾಣಿ ಮೊಟ್ಟೆ ನಿಲ್ಲಿಸುವುದಿಲ್ಲ, ನುಸಿಯೂ ನಿಲ್ಲುವುದಿಲ್ಲ.

ಮುಂಗಾರು ಬಿತ್ತನೆಯ ಹೊತ್ತು, ಅಂದರೆ ಜೂನ್ ಕೊನೆಯಿಂದ ಜುಲೈ, ಹೊಲದಲ್ಲಿ ಹೂವು ಕಡಿಮೆ. ಕುಟುಂಬ ಸಣ್ಣದು, ಮರಿ ಕಡಿಮೆ, ಮೋಡ ಮುಸುಕಿ ಹಗಲಿನ ಬಿಸಿ 30 ಡಿಗ್ರಿ ಆಸುಪಾಸಿಗೆ ಇಳಿದಿರುತ್ತದೆ. ವರ್ಷದ ಮೊದಲ ಎಣಿಕೆ ಇಲ್ಲಿ. ಸಣ್ಣ ಕುಟುಂಬದಲ್ಲಿ ನೂರಕ್ಕೆ ಎರಡು ಸಿಕ್ಕರೂ ಕಾಯಬಾರದು. ಮುಂದೆ ಸೂರ್ಯಕಾಂತಿ ಅರಳಿ ರಾಣಿ ಭರದಿಂದ ಮೊಟ್ಟೆಯಿಟ್ಟಾಗ ಆ ಎರಡೇ ಬೀಜವಾಗುತ್ತದೆ. ಬಿತ್ತಿ ಎರಡು ತಿಂಗಳಿಗೆ ಸೂರ್ಯಕಾಂತಿ ಅರಳುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್, ಉತ್ತರಿ ಹಸ್ತಾ ಮಳೆಯ ದಿನಗಳು ಕುಟುಂಬ ಉಬ್ಬುವ ಕಾಲ. ಅದರ ಹಿಂದೆಯೇ ಗುರೆಳ್ಳು, ತೊಗರಿ. ಜೇನುಕೋಣೆ ಮೇಲೇರಿಸಿ ಜೇನುತುಪ್ಪ ತುಂಬಿಸಿಕೊಳ್ಳುವ ಈ ಕಾಲದಲ್ಲಿ ಮದ್ದಿಗೆ ಜಾಗವಿಲ್ಲ. ಎಣಿಸುವುದಕ್ಕೆ ಮಾತ್ರ ಇದೆ.

ದೀಪಾವಳಿ ಮುಗಿದು ಎಳ್ಳಮಾವಾಸ್ಯೆ ಬರುವ ತನಕದ ಅವಧಿಯೇ ಈ ಸೀಮೆಯ ಮುಖ್ಯ ಉಪಚಾರಕಾಲ ಎಂಬುದು ಈ ಲೇಖಕನ ಅಭಿಪ್ರಾಯ. ತುಪ್ಪ ತೆಗೆದಾಗಿರುತ್ತದೆ. ಹಗಲಿನ ಬಿಸಿ 30 ಡಿಗ್ರಿಯ ಆಸುಪಾಸು, ರಾತ್ರಿ 15ರ ಸುತ್ತ. ಕುಟುಂಬದಲ್ಲಿ ನೊಣ ಹೆಚ್ಚು, ನುಸಿಯೂ ವರ್ಷದ ಎತ್ತರದಲ್ಲಿ. ಮುಂದಿನ ದೊಡ್ಡ ಹೂವು ಬೇವು, ಹೊಂಗೆಯದು. ಅದು ಮಾರ್ಚ್ ಹೊತ್ತಿಗೆ. ಎರೆಮಣ್ಣಿನ ಕಡೆ ಕೊತ್ತಂಬರಿ, ಕುಸುಬೆ ಇದ್ದರೆ ಅವಧಿ ಸ್ವಲ್ಪ ಕಿರಿದಾಗುತ್ತದೆ, ಅಷ್ಟೆ. ಕೊಟ್ಟೂರೇಶ್ವರನ ತೇರು ಎಳೆಯುವ ಫೆಬ್ರುವರಿ-ಮಾರ್ಚ್ ಹೊತ್ತಿಗೆ ಬಾಗಿಲು ಮುಚ್ಚಿದಂತೆ. ಆಮೇಲೆ ಏಪ್ರಿಲ್-ಮೇ ತಿಂಗಳ 40 ಡಿಗ್ರಿಯಲ್ಲಿ ಫಾರ್ಮಿಕ್ ಆಮ್ಲದ ಹಬೆ ಹಾಕುವುದು ನೊಣಕ್ಕೇ ವಿಷವಿಟ್ಟಂತೆ.

ಮದ್ದು ಮತ್ತು ಬಿಸಿಲು

ಫಾರ್ಮಿಕ್ ಆಮ್ಲವೊಂದೇ ಮುಚ್ಚಿದ ಕಣದ ಮೇಣವನ್ನು ಹಾದು ಒಳಗಿನ ನುಸಿಯನ್ನು ಕೊಲ್ಲಬಲ್ಲದು. ಆದ್ದರಿಂದ ಎರಡೂ ನುಸಿಗೆ ಅದು ಕೆಲಸಕ್ಕೆ ಬರುತ್ತದೆ. ಭಾರತದಲ್ಲಿ ರೂಢಿಯಲ್ಲಿರುವ ಪ್ರಮಾಣ ಶೇ. 85ರ ಆಮ್ಲ ದಿನಕ್ಕೆ 5 ಮಿ.ಲೀ., ಬತ್ತಿಯಿಟ್ಟ ಪುಟ್ಟ ಸೀಸೆಯಲ್ಲಿ ಅಡಿಮಣೆಯ ಮೇಲೆ, ಸುಮಾರು ಎರಡು ವಾರ. ಎಷ್ಟು ಆವಿಯಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಸೀಸೆಯಲ್ಲ, ಹವೆ. ಹೊರದೇಶದ ತಯಾರಿಕೆಗಳ ಚೀಟಿಯಲ್ಲಿ 10ರಿಂದ 29 ಡಿಗ್ರಿ ಎಂಬ ಮಿತಿ ಬರೆದಿರುತ್ತದೆ. ಅದನ್ನು ಮೀರಿದರೆ ಒಮ್ಮೆಲೆ ಹಬೆಯೆದ್ದು ರಾಣಿ ಸಾಯುವುದು, ತೆರೆದ ಮರಿ ಸುಡುವುದು, ಕುಟುಂಬ ಬಾಗಿಲಾಚೆ ಗಡ್ಡದಂತೆ ನೇತಾಡುವುದು ಉಂಟು. ಸುಳ್ಯ, ಪುತ್ತೂರು, ಕಾಸರಗೋಡಿನ ರಬ್ಬರ್ ಬೆಳೆಗಾರರು ಮರದ ಹಾಲು ಹೆಪ್ಪುಗಟ್ಟಿಸಲು ಬಳಸುವುದು ಇದೇ ಆಮ್ಲವಾದ್ದರಿಂದ ಕರಾವಳಿಯಲ್ಲಿ ಅಂಗಡಿಯಲ್ಲೇ ಸಿಗುತ್ತದೆ, ಅದರ ಉರಿಯೂ ಅಲ್ಲಿನವರಿಗೆ ಗೊತ್ತು. ಬಯಲುಸೀಮೆಯಲ್ಲಿ ಹೊಸದಾಗಿ ಕೈಗೆತ್ತಿಕೊಳ್ಳುವವರು ರಬ್ಬರ್ ಕೈಗವಸು, ಕನ್ನಡಕ, ಪಕ್ಕದಲ್ಲೊಂದು ಕೊಡ ನೀರು ಇಲ್ಲದೆ ಸೀಸೆಯ ಬಿರಟೆ ತೆಗೆಯಬಾರದು.

ಗಂಧಕದ ಪುಡಿಯನ್ನು ಚೌಕಟ್ಟೊಂದಕ್ಕೆ 200 ಮಿ.ಗ್ರಾಂ. ಲೆಕ್ಕದಲ್ಲಿ ಮೇಲ್ಪಟ್ಟಿಯ ಮೇಲೆ ಉದುರಿಸುವುದು ಅಗ್ಗದ ಹಳೆಯ ಕ್ರಮ. ಹತ್ತು ದಿನಕ್ಕೊಮ್ಮೆ ಮರಳಿ ಮಾಡಬೇಕು, ಹೆಚ್ಚಾದರೆ ಮರಿಗೆ ಪೆಟ್ಟು. ಆಕ್ಸಾಲಿಕ್ ಆಮ್ಲವನ್ನು ಸಕ್ಕರೆ ಪಾಕದಲ್ಲಿ ಲೀಟರಿಗೆ 35 ಗ್ರಾಂ. ಕರಗಿಸಿ ಎರಿಗಳ ನಡುವಿನ ಸಂದಿಗೆ 5 ಮಿ.ಲೀ.ನಂತೆ ಸುರಿಯುವುದು ಪಶ್ಚಿಮದ ರೂಢಿ. ಅದು ಮುಚ್ಚಳ ದಾಟುವುದಿಲ್ಲ. ಮರಿ ತುಂಬಿದ ಪೆಟ್ಟಿಗೆಯಲ್ಲಿ ಅದನ್ನು ಸುರಿದು ‘ಮದ್ದು ಕೆಲಸ ಮಾಡಲಿಲ್ಲ’ ಎಂದು ದೂರುವುದರಲ್ಲಿ ಅರ್ಥವಿಲ್ಲ. ಮೂರರಲ್ಲಿ ಎರಡು ಪಾಲು ನುಸಿಗೆ ಅದು ಮುಟ್ಟಿಯೇ ಇರುವುದಿಲ್ಲ.

ಫ್ಲುವಾಲಿನೇಟ್, ಅಮಿಟ್ರಾಜ್ ಮೊದಲಾದ ನುಸಿನಾಶಕಗಳ ಪಟ್ಟಿಗಳು ಹಾಕಲು ಸುಲಭ, ಹವೆಯ ಕಾಟವೂ ಕಡಿಮೆ. ಒಂದೇ ಮದ್ದನ್ನು ಮತ್ತೆ ಮತ್ತೆ ಹಾಕಿದ ಯುರೋಪಿನಲ್ಲಿ 1990ರ ದಶಕದಲ್ಲೇ ನುಸಿ ಫ್ಲುವಾಲಿನೇಟ್‌ಗೆ ಬಗ್ಗದಾಯಿತು. ಆ ಮದ್ದು ಮೇಣದಲ್ಲಿ ಕರಗಿ ವರ್ಷಗಟ್ಟಲೆ ಉಳಿಯುತ್ತದೆ. ಬೆಳೆಗೆ ಸಿಂಪಡಿಸುವ ಕೀಟನಾಶಕದಲ್ಲಿ ಪ್ಲೈವುಡ್ ಚೂರು ಅದ್ದಿ ಪೆಟ್ಟಿಗೆಯಲ್ಲಿ ನೇತುಹಾಕುವ ಅಡ್ಡದಾರಿಯೂ ಹಲವು ದೇಶಗಳಲ್ಲಿ ಇದೆ. ಇದರಲ್ಲಿ ಪ್ರಮಾಣದ ಹಿಡಿತವಿಲ್ಲ, ತುಪ್ಪದಲ್ಲಿ ಶೇಷ ಉಳಿಯುತ್ತದೆ. ಭಾರತದ ಜೇನುತುಪ್ಪವನ್ನು ಶೇಷಾಂಶದ ಕಾರಣಕ್ಕೆ ಐರೋಪ್ಯ ಒಕ್ಕೂಟ 2010ರಲ್ಲಿ ತಡೆದು ಮರುವರ್ಷ ಬಿಟ್ಟದ್ದನ್ನು ರಫ್ತುದಾರರು ಮರೆತಿಲ್ಲ.

ಮರಿಯಿಲ್ಲದ ಮೂರು ವಾರ

ಚಳಿ ದೇಶದವರಿಗೆ ಪ್ರಕೃತಿಯೇ ಕೊಡುವ ಮರಿಯಿಲ್ಲದ ಅವಧಿಯನ್ನು ಇಲ್ಲಿ ಕೈಯಿಂದ ಮಾಡಿಕೊಳ್ಳಬೇಕು. ರಾಣಿಯನ್ನು ಎರಿಯ ಮೇಲೆಯೇ ಸಣ್ಣ ಪಂಜರದಲ್ಲಿ 21ರಿಂದ 24 ದಿನ ಇಟ್ಟರೆ ಇದ್ದ ಮರಿಯೆಲ್ಲ ನೊಣವಾಗಿ ಹೊರಬರುತ್ತವೆ. ವರೋವಾ ಅಡಗಲು ಕಣವಿಲ್ಲದೆ ನೊಣದ ಮೈಮೇಲೆ ಉಳಿಯುತ್ತದೆ. ಆಗ ಆಕ್ಸಾಲಿಕ್ ಒಂದೇ ಸಲ ಸುರಿದರೂ ಬಹುಪಾಲು ಉದುರುತ್ತದೆ. ಟ್ರೋಪಿಲೆಲಾಪ್ಸ್‌ಗೆ ಆ ಮದ್ದೂ ಬೇಡ, ಕೊನೆಯ ಮರಿ ಹೊರಬಂದ ಮೇಲೆ ಎರಡು ಮೂರು ದಿನ ಪಂಜರ ಮುಂದುವರಿಸಿದರೆ ಉಪವಾಸದಿಂದ ಸಾಯುತ್ತದೆ. ಸೂರ್ಯಕಾಂತಿ ಮುಗಿದ ಮೇಲೆ ಕುಟುಂಬ ಪಾಲು ಮಾಡುವವರಿಗೆ ಇದು ಇನ್ನೂ ಸಲೀಸು: ರಾಣಿಯಿಲ್ಲದ ಪಾಲಿನಲ್ಲಿ ಹೊಸ ರಾಣಿ ಹುಟ್ಟಿ, ಕೂಡಿ, ಮೊಟ್ಟೆಯಿಟ್ಟು ಆ ಮರಿಯ ಕಣ ಮುಚ್ಚುವಷ್ಟರಲ್ಲಿ ಹಳೆಯ ಮರಿಯೆಲ್ಲ ಹೊರಬಿದ್ದಿರುತ್ತದೆ. ಗಂಡುಮರಿಯ ಎರಿಯನ್ನು ಮುಚ್ಚಿದ ಮೇಲೆ ಕತ್ತರಿಸಿ ತೆಗೆಯುವುದೂ ವರೋವಾವನ್ನು ತಗ್ಗಿಸುತ್ತದೆ. ಆದರೆ ಮರೆತು ಬಿಟ್ಟರೆ ಅದೇ ಎರಿ ನುಸಿಯ ಕಾರ್ಖಾನೆ.

ಏಪ್ರಿಲ್-ಮೇ ತಿಂಗಳಲ್ಲಿ ಎಣಿಕೆ ಮಿತಿ ಮೀರಿದರೆ ಈ ಸೀಮೆಯಲ್ಲಿ ಉಳಿಯುವುದು ಇದೊಂದೇ ದಾರಿ. ರಾಣಿಯನ್ನು ಕೂಡಿಹಾಕಿದರೆ ಕುಟುಂಬ ಇನ್ನೂ ಸೊರಗುತ್ತದೆಂಬ ಅಂಜಿಕೆ ಸಹಜ. ಹೊಂಗೆ ಮುಗಿದು ಹುಣಸೆ ಹೂ ಬಿಡುವ ನಡುವಿನ ಆ ದಿನಗಳಲ್ಲಿ ಹುಟ್ಟುವ ಮರಿಗೆ ಹೇಗೂ ಉಣ್ಣಲು ಹೆಚ್ಚಿಲ್ಲ. ನೆರಳು, ನೀರು, ಸಕ್ಕರೆ ಪಾಕ ಕೊಟ್ಟು ಆ ಮೂರು ವಾರ ಕಳೆಯಬಹುದು.

ಯಾವ ದಾರಿ ಹಿಡಿದರೂ ಉಪಚಾರ ಮುಗಿದ ಎರಡು ವಾರಕ್ಕೆ ಮತ್ತೆ ಎಣಿಸಬೇಕು. ಸಂಖ್ಯೆ ಇಳಿಯದಿದ್ದರೆ ಮದ್ದು ಹಳತಾಗಿರಬಹುದು, ನುಸಿ ಅದಕ್ಕೆ ಒಗ್ಗಿರಬಹುದು, ಇಲ್ಲವೆ ಪಕ್ಕದ ಪೆಟ್ಟಿಗೆಗಳಿಂದ ಮರಳಿ ಬರುತ್ತಿರಬಹುದು. ಅನುಮಾನವಿದ್ದಲ್ಲಿ ನುಸಿಯನ್ನು ಮದ್ಯಸಾರದ ಸೀಸೆಯಲ್ಲಿಟ್ಟು ಬಳ್ಳಾರಿ ಬಳಿಯ ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ (ಜಿಕೆವಿಕೆ) ಜೇನು ವಿಭಾಗಕ್ಕೋ ತೋರಿಸಬಹುದು. ಸೂರ್ಯಕಾಂತಿ, ದಾಳಿಂಬೆ ಹೂವಿಗೆಂದು ಹೊರ ಜಿಲ್ಲೆಯಿಂದ ರಾತ್ರಿ ಲಾರಿಯಲ್ಲಿ ಬಂದಿಳಿಯುವ ಪೆಟ್ಟಿಗೆಗಳಲ್ಲಿ ಹತ್ತಕ್ಕೆರಡನ್ನಾದರೂ ಇಳಿಸಿದ ವಾರದಲ್ಲೇ ಎಣಿಸಿ, ಮರಿಯ ಎರಿ ಬಡಿದು ನೋಡಿ, ಆಮೇಲಷ್ಟೆ ಊರಿನ ಪೆಟ್ಟಿಗೆಗಳ ಹತ್ತಿರ ಇಡಬೇಕು.